ನಡುದಾರಿಯಲ್ಲಿ ರೈಲಿಳಿದ ವರದಿಗಾರ: ಗ್ಯಾರೆತ್ ಜೋನ್ಸ್



ಒಂದು ದೊಡ್ಡ ದೇಶ. ಅಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸಾಯುತ್ತಿದ್ದಾರೆ. ಅದೇ ದೇಶದ ರಾಜಧಾನಿಯಲ್ಲಿ ಪ್ರಪಂಚದ ಹೆಸರಾಂತ ಪತ್ರಿಕೆಗಳ ವರದಿಗಾರರು ವರ್ಷಗಳಿಂದ ಬೀಡುಬಿಟ್ಟಿದ್ದಾರೆ. ಆದರೂ ಸುದ್ದಿ ಹೊರಗೆ ಸರಿಯಾಗಿ ಬರುತ್ತಿಲ್ಲ. ಹೀಗೂ ಉಂಟೇ ಎಂದು ನೀವು ಕೇಳಬಹುದು. 1933ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಹೀಗೇ ಆಯಿತು. ಆ ಸುದ್ದಿಯನ್ನು ತನ್ನ ಹೆಸರು ಹಾಕಿ, ಬಹಿರಂಗವಾಗಿ ಜಗತ್ತಿಗೆ ತಿಳಿಸಿದವನು ಇಪ್ಪತ್ತೇಳು ವರ್ಷದ ಒಬ್ಬ ಬ್ರಿಟಿಷ್ ತರುಣ. ಅವನ ಹೆಸರು ಗ್ಯಾರೆತ್ ಜೋನ್ಸ್. ಅವನ ಬದುಕು ಮೂವತ್ತು ವರ್ಷವನ್ನೂ ತುಂಬಲಿಲ್ಲ. ಆದರೆ ಒಂದು ಸುದ್ದಿ ಹೇಗೆ ಸಿಗುತ್ತದೆ, ಸಿಕ್ಕ ಮೇಲೆ ಅದಕ್ಕೆ ಏನೇನಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಅವನ ಕಥೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಪ್ರಾಂತ್ಯದ ಬ್ಯಾರಿ ಎಂಬ ಬಂದರು ಪಟ್ಟಣದಲ್ಲಿ ಜೋನ್ಸ್ 1905ರ ಆಗಸ್ಟ್ 13ರಂದು ಹುಟ್ಟಿದ. ತಂದೆ ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರು. ತಾಯಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅಟ್ಲಾಸ್ ತೆರೆದು ಉಕ್ರೇನಿನ ಪೂರ್ವಭಾಗದಲ್ಲಿ ದೊನೆತ್ಸ್ಕ್ ಎಂಬ ನಗರವನ್ನು ಹುಡುಕಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿ ಊರನ್ನು ಬೆಳೆಸಿದವನು ಜಾನ್ ಹ್ಯೂಸ್ ಎಂಬ ವೇಲ್ಸ್‌ನವನೇ. ಅವನ ಹೆಸರಿನಿಂದಲೇ ಆ ಊರಿಗೆ ಯೂಜೊವ್ಕಾ ಎಂಬ ಹೆಸರು ಬಂದಿತ್ತು. ಹ್ಯೂಸ್‌ನ ಮೊಮ್ಮಕ್ಕಳಿಗೆ ಪಾಠ ಹೇಳಲು ವೇಲ್ಸ್‌ನಿಂದ ಹೋಗಿದ್ದ ಉಪಾಧ್ಯಾಯಿನಿಯೇ ಮುಂದೆ ಗ್ಯಾರೆತ್‌ನ ತಾಯಿಯಾದರು. ಬಾಲಕನು ಕೇಳಿ ಬೆಳೆದ ಮನೆಯ ಕಥೆಗಳಲ್ಲಿ ಆ ಬಯಲು, ಆ ಹಳ್ಳಿಗಳು, ಆ ಜನ ಇದ್ದರು. ಆ ನಾಡನ್ನು ತಾನೂ ನೋಡಬೇಕೆಂಬ ಆಸೆ ಅವನಲ್ಲಿ ಮೊಳೆತದ್ದು ಹಾಗೆ.

ಆಸೆಯ ಜೊತೆಗೆ ಅವನು ಭಾಷೆಯನ್ನೂ ಕಲಿತ. ಇದನ್ನು ನೀವು ವಿಶೇಷವಾಗಿ ಗಮನಿಸಬೇಕು. ಅಬೆರಿಸ್ಟ್‌ವಿತ್‌ನಲ್ಲಿ ಫ್ರೆಂಚ್ ಓದಿ, ಅನಂತರ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಫ್ರೆಂಚ್, ಜರ್ಮನ್ ಹಾಗೂ ರಷ್ಯನ್ ಭಾಷೆಗಳಲ್ಲಿ 1929ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಮನೆಮಾತು ವೆಲ್ಷ್ ಬೇರೆ ಇತ್ತು. ಮಾರನೆಯ ವರ್ಷವೇ ಮಾಜಿ ಪ್ರಧಾನಿ ಡೇವಿಡ್ ಲಾಯ್ಡ್ ಜಾರ್ಜ್ ಅವನನ್ನು ವಿದೇಶ ವ್ಯವಹಾರಗಳ ಸಲಹೆಗಾರನನ್ನಾಗಿ ನೇಮಿಸಿಕೊಂಡರು. ಲಾಯ್ಡ್ ಜಾರ್ಜ್ ಕೂಡ ವೆಲ್ಷ್ ಮಾತನಾಡುವವರೇ. ಇಪ್ಪತ್ನಾಲ್ಕರ ಹುಡುಗನಿಗೆ ಇದು ಸಣ್ಣ ಕೆಲಸವಲ್ಲ. ಯೂರೋಪಿನ ಬಾಗಿಲುಗಳು ಅವನಿಗೆ ತೆರೆದವು.

1930ರ ಬೇಸಿಗೆಯಲ್ಲಿ ಮೊದಲ ಬಾರಿಗೆ ಸೋವಿಯತ್ ನಾಡಿಗೆ ಹೋದಾಗ ತಾಯಿ ಇದ್ದ ಊರನ್ನು ಹುಡುಕಿಕೊಂಡು ಹೋದ. ಆಗ ಅದರ ಹೆಸರು ಸ್ತಾಲಿನೊ ಎಂದಾಗಿತ್ತು. ಹಿಂದಿರುಗುವಾಗ ಸೋವಿಯತ್ ಗಡಿ ದಾಟುವವರೆಗೆ ಕಾದು, ಬರ್ಲಿನ್ನಿನಿಂದ ಮನೆಗೆ ಕಾಗದ ಬರೆದ. ಅಲ್ಲಿ ತಿನ್ನಲು ಬ್ರೆಡ್ ಸಿಗುತ್ತಿಲ್ಲ, ಜನ ಕಷ್ಟದಲ್ಲಿದ್ದಾರೆ ಎಂಬುದು ಆ ಕಾಗದದಲ್ಲಿತ್ತು. 1931ರಲ್ಲಿ ಮತ್ತೊಮ್ಮೆ ಹೋದ. ಈ ಸಲ ಜೊತೆಗಿದ್ದವನು ಅಮೆರಿಕದ ಹೈನ್ಜ್ ಎಂಬ ಆಹಾರ ಉದ್ಯಮಿ ಮನೆತನದ ತರುಣ. ಇಬ್ಬರೂ ಹಳ್ಳಿಗಳಲ್ಲಿ ರೈತರ ಮನೆಗಳಲ್ಲಿ ತಂಗಿದರು. ಆಗಲೇ ಹಸಿವಿನ ಮಾತು ಅವರ ಕಿವಿಗೆ ಬಿದ್ದಿತ್ತು.

ಈ ಹಸಿವು ಎಲ್ಲಿಂದ ಬಂತು? 1928ರಲ್ಲಿ ಸ್ಟಾಲಿನ್ನನ ಸರ್ಕಾರ ಮೊದಲ ಪಂಚವಾರ್ಷಿಕ ಯೋಜನೆಯನ್ನು ಆರಂಭಿಸಿತು. ದೊಡ್ಡ ಕಾರ್ಖಾನೆಗಳು ಬೇಕು; ಅವಕ್ಕೆ ಹೊರದೇಶದ ಯಂತ್ರಗಳು ಬೇಕು; ಯಂತ್ರ ಕೊಳ್ಳಲು ಹಣ ಬೇಕು; ಹಣಕ್ಕೆ ಧಾನ್ಯ ರಫ್ತಾಗಬೇಕು. ಆದುದರಿಂದ ರೈತರ ಹೊಲಗಳನ್ನೂ ದನಗಳನ್ನೂ ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಕ್ಷೇತ್ರಗಳನ್ನು ಬಲವಂತವಾಗಿ ರಚಿಸಲಾಯಿತು. ಒಪ್ಪದವರನ್ನು, ಸ್ವಲ್ಪ ಅನುಕೂಲವಂತರಾದ ರೈತರನ್ನು, ಕುಲಾಕ್ ಎಂದು ಹಣೆಪಟ್ಟಿ ಹಚ್ಚಿ ದೂರದ ಸೈಬೀರಿಯಕ್ಕೆ ಅಟ್ಟಿದರು. ಹೇಗಿದ್ದರೂ ಕಳೆದುಕೊಳ್ಳಬೇಕಾದ ದನಗಳನ್ನು ರೈತರು ತಾವೇ ಕಡಿದು ತಿಂದರು. ಉಳುವ ಎತ್ತಿಲ್ಲದೆ ಫಸಲು ಕುಸಿಯಿತು. ಫಸಲು ಕುಸಿದರೂ ಸರ್ಕಾರಕ್ಕೆ ಕೊಡಬೇಕಾದ ಲೆವಿ ಇಳಿಯಲಿಲ್ಲ. 1932ರ ಕೊನೆಯಲ್ಲಿ ಉಕ್ರೇನಿನ ಹಳ್ಳಿಗಳಲ್ಲಿ ಮನೆಮನೆ ಶೋಧಿಸಿ ಧಾನ್ಯ ಒಯ್ದರು. 1933ರ ಜನವರಿಯಲ್ಲಿ, ಹಸಿದ ರೈತರು ಉಕ್ರೇನ್ ಬಿಟ್ಟು ಬೇರೆಡೆಗೆ ಹೋಗದಂತೆ ತಡೆಯುವ ಆಜ್ಞೆಯೂ ಹೊರಟಿತು. ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ಇಂದಿನ ಜನಸಂಖ್ಯಾ ತಜ್ಞರ ಅಂದಾಜಿನಂತೆ ಉಕ್ರೇನಿನಲ್ಲೇ ಸುಮಾರು 35ರಿಂದ 39 ಲಕ್ಷ ಜನ ಸತ್ತರು. ಕಜಾಕ್‌ಸ್ತಾನದಲ್ಲಿ ಸುಮಾರು 15 ಲಕ್ಷ. ರಷ್ಯದ ಕೆಲವು ಭಾಗಗಳಲ್ಲಿ ಸತ್ತವರು ಬೇರೆ. ಮಳೆ ಬಾರದೆ ಬಂದ ಬರ ಇದಲ್ಲ, ಕಚೇರಿಯ ಮೇಜಿನ ಮೇಲೆ ಸಹಿಯಾದ ಬರ ಎಂದೇ ನಾನು ಹೇಳುತ್ತೇನೆ. ಇದನ್ನು ಜನಾಂಗ ಹತ್ಯೆ ಎಂದು ಉಕ್ರೇನಿನ ಸಂಸತ್ತು 2006ರಲ್ಲಿ ಘೋಷಿಸಿತು. ಆ ಪದ ಇಲ್ಲಿಗೆ ಸಲ್ಲುತ್ತದೆಯೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಈಗ ಜೋನ್ಸ್‌ನತ್ತ ಮರಳೋಣ. 1933ರ ಫೆಬ್ರವರಿಯಲ್ಲಿ ಅವನು ಜರ್ಮನಿಯಲ್ಲಿದ್ದ. ಹಿಟ್ಲರ್ ಅಧಿಕಾರಕ್ಕೆ ಬಂದು ಇನ್ನೂ ಒಂದು ತಿಂಗಳು ಕಳೆದಿರಲಿಲ್ಲ. ಫೆಬ್ರವರಿ 23ರಂದು ಹಿಟ್ಲರ್ ಮತ್ತು ಗೋಬೆಲ್ಸ್ ಫ್ರಾಂಕ್‌ಫರ್ಟ್‌ನ ಸಭೆಗೆ ಹಾರಿದ ವಿಮಾನದಲ್ಲಿ ಜೋನ್ಸ್‌ಗೂ ಒಂದು ಆಸನ ದೊರಕಿತ್ತು. ಈ ವಿಮಾನ ಬಿದ್ದುಹೋದರೆ ಯೂರೋಪಿನ ಇತಿಹಾಸವೇ ಬದಲಾದೀತು ಎಂದು ಅವನು ಅನಂತರ ಬರೆದ. ಆಗ ಅದು ಬರಿಯ ಚಮತ್ಕಾರದ ಮಾತಿನಂತೆ ಕಂಡಿರಬೇಕು! ಆ ಪ್ರಯಾಣದಿಂದ ಎರಡು ವಾರ ಕಳೆಯುವಷ್ಟರಲ್ಲಿ ಅವನು ಮಾಸ್ಕೋದಲ್ಲಿದ್ದ.

ಮಾಸ್ಕೋದಲ್ಲಿ ಆಗ ಸುದ್ದಿಯ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯದೆ ಮುಂದಿನದು ಅರ್ಥವಾಗದು. ವಿದೇಶಿ ವರದಿಗಾರ ತಂತಿಯ ಮೂಲಕ ಕಳಿಸುವ ಪ್ರತಿ ವರದಿಗೂ ಸೆನ್ಸಾರ್ ಅಧಿಕಾರಿಯ ಒಪ್ಪಿಗೆ ಬೇಕು. ಆತ ಹೊಡೆದುಹಾಕಿದ ಸಾಲು ಹೋಗುವಂತಿಲ್ಲ. ವರದಿಗಾರನ ವೀಸಾ ಸರ್ಕಾರದ ಕೈಯಲ್ಲಿ. ಒಮ್ಮೆ ಹೊರಗೆ ಹಾಕಿದರೆ ಅವನ ಪತ್ರಿಕೆಗೆ ಮಾಸ್ಕೋ ಸುದ್ದಿಯೇ ಇಲ್ಲ. ಅದೂ ಸಾಲದೆಂಬಂತೆ, ಆ ಮಾರ್ಚ್ ತಿಂಗಳಲ್ಲೇ ಮೆಟ್ರೊಪಾಲಿಟನ್ ವಿಕರ್ಸ್ ಕಂಪನಿಯ ಬ್ರಿಟಿಷ್ ಎಂಜಿನಿಯರುಗಳನ್ನು ಗೂಢಚರ್ಯೆಯ ಆರೋಪದ ಮೇಲೆ ಬಂಧಿಸಿದ್ದರು. ಜಗತ್ತೆಲ್ಲ ಆ ವಿಚಾರಣೆಯತ್ತ ಕಣ್ಣಿಟ್ಟಿತ್ತು. ವಿಚಾರಣೆಯ ವರದಿ ಮಾಡಬೇಕಾದರೆ ಅಧಿಕಾರಿಗಳ ಸ್ನೇಹ ಕೆಡಬಾರದು. ಜೊತೆಗೆ ಹಳ್ಳಿಗಾಡಿಗೆ ಹೋಗಲು ವರದಿಗಾರರಿಗೆ ನಿರ್ಬಂಧವೂ ಇತ್ತು.

ಜೋನ್ಸ್‌ಗೆ ಅಂದಿನ ಸೋವಿಯತ್ ಉಕ್ರೇನಿನ ರಾಜಧಾನಿ ಖಾರ್ಕೊವ್‌ಗೆ ಹೋಗುವ ಅವಕಾಶ ಸಿಕ್ಕಿತು. ಬೆನ್ನಚೀಲದ ತುಂಬ ತಿನಿಸು ತುಂಬಿಕೊಂಡ. ವಿದೇಶಿ ಹಣಕ್ಕೆ ಮಾತ್ರ ಮಾರುವ ಅಂಗಡಿಗಳಲ್ಲಿ ಕೊಂಡ ಬ್ರೆಡ್ಡು, ಬೆಣ್ಣೆ, ಚಾಕೊಲೇಟು. ಮಾರ್ಚ್ 10ರಂದು ಸಾಮಾನ್ಯ ಜನರ ಗಟ್ಟಿಹಲಗೆಯ ಬೋಗಿಯಲ್ಲಿ ಹೊರಟ. ಟಿಕೆಟ್ಟು ಖಾರ್ಕೊವ್‌ವರೆಗಿದ್ದರೂ ದಾರಿಯಲ್ಲೇ ಒಂದು ಸಣ್ಣ ನಿಲ್ದಾಣದಲ್ಲಿ ಇಳಿದುಬಿಟ್ಟ. ಹಿಮ ಇನ್ನೂ ಕರಗಿರಲಿಲ್ಲ. ರೈಲುಹಳಿಯ ಗುಂಟ ನಡೆಯುತ್ತ, ರಷ್ಯದ ಗಡಿಯ ಹಳ್ಳಿಗಳನ್ನು ದಾಟಿ ಉಕ್ರೇನ್ ಹೊಕ್ಕ. ಕಂಡವರನ್ನೆಲ್ಲ ಮಾತನಾಡಿಸಿದ. ರಾತ್ರಿ ರೈತರ ಮನೆಗಳಲ್ಲೇ ಮಲಗಿದ. ಕೇಳಿದ್ದನ್ನು ಪುಟ್ಟ ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡ.

ಅವನು ತಂದ ಸುದ್ದಿಯಲ್ಲಿ ದೊಡ್ಡ ದೊಡ್ಡ ವಿಶೇಷಣಗಳಿಲ್ಲ. ಎಲ್ಲಿ ಹೋದರೂ ಕೇಳಿಬಂದದ್ದು ಒಂದೇ ಮಾತು: ಬ್ರೆಡ್ ಇಲ್ಲ, ಸಾಯುತ್ತಿದ್ದೇವೆ. ಒಂದು ಹಳ್ಳಿಯಲ್ಲಿ ಮೊದಲು 200 ಎತ್ತುಗಳಿದ್ದವು, ಅವನು ಹೋದಾಗ ಉಳಿದದ್ದು 6. ಜನ ದನಕ್ಕೆ ಹಾಕುವ ಮೇವನ್ನು ತಿನ್ನುತ್ತಿದ್ದರು. ಅದೂ ಇನ್ನೊಂದು ತಿಂಗಳಿಗೆ ಸಾಕಾಗುವಷ್ಟಿತ್ತು. ರೈಲಿನಲ್ಲಿ ಒಬ್ಬ ಕಮ್ಯುನಿಸ್ಟ್ ಪ್ರಯಾಣಿಕ ಕ್ಷಾಮವೆಂಬುದೇ ಇಲ್ಲವೆಂದು ವಾದಿಸಿದ. ಜೋನ್ಸ್ ತಾನು ತಿನ್ನುತ್ತಿದ್ದ ಬ್ರೆಡ್ಡಿನ ಒಣ ಅಂಚನ್ನು ಪೀಕದಾನಿಗೆ ಎಸೆದ. ಅದೇ ಬೋಗಿಯಲ್ಲಿದ್ದ ರೈತನೊಬ್ಬ ಅದನ್ನು ಹೆಕ್ಕಿ ತೆಗೆದು ಗಬಗಬನೆ ತಿಂದ. ಕಿತ್ತಳೆ ಸಿಪ್ಪೆ ಎಸೆದಾಗಲೂ ಹಾಗೆಯೇ. ಆ ಕಮ್ಯುನಿಸ್ಟ್ ಪ್ರಯಾಣಿಕ ಆಮೇಲೆ ಬಾಯಿ ತೆರೆಯಲಿಲ್ಲ. ಇದನ್ನು ಓದಿದಾಗ ನನಗೆ ಒಂದಿಷ್ಟು ಮುಜುಗರವೂ ಆಗುತ್ತದೆ. ಹಸಿದವನ ಮುಂದೆ ತಿನಿಸನ್ನು ಎಸೆದು ನೋಡುವುದು ಸರಿಯೇ ಎಂದು ನೀವೂ ಕೇಳಬಹುದು. ಆದರೆ ತಾನು ಹಾಗೆ ಮಾಡಿದ್ದನ್ನು ಮುಚ್ಚಿಡದೆ ಬರೆದವನೂ ಅವನೇ.

ಇಷ್ಟನ್ನೂ ಮಾಸ್ಕೋದಿಂದ ತಂತಿ ಕೊಟ್ಟಿದ್ದರೆ ಒಂದಕ್ಷರವೂ ಹೊರಬೀಳುತ್ತಿರಲಿಲ್ಲ. ಜೋನ್ಸ್ ಸುಮ್ಮನೆ ದೇಶ ಬಿಟ್ಟು ಹೊರಟ. ಬರ್ಲಿನ್ ತಲುಪಿ, ಮಾರ್ಚ್ 29ರಂದು ಪತ್ರಿಕೆಗಳವರನ್ನು ಕರೆದು ಹೇಳಿಕೆ ಕೊಟ್ಟ. ಅಂದೇ ಅದು ಅಮೆರಿಕದ ಪತ್ರಿಕೆಗಳಲ್ಲಿ ಬಂತು, ಮರುದಿನಗಳಲ್ಲಿ ಬ್ರಿಟನ್ನಿನಲ್ಲಿ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ವಾರ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಇದೇ ಕ್ಷಾಮದ ಬಗ್ಗೆ ಮೂರು ಲೇಖನಗಳು ಬಂದಿದ್ದವು. ಬರೆದವರು ಮಾಲ್ಕಮ್ ಮಗ್ಗರಿಜ್. ಸೆನ್ಸಾರಿನ ಕಣ್ಣು ತಪ್ಪಿಸಿ ರಾಯಭಾರ ಕಚೇರಿಯ ಅಂಚೆಚೀಲದಲ್ಲಿ ಅವನ್ನು ಕಳುಹಿಸಿದ್ದರು. ಆದರೆ ಲೇಖಕರ ಹೆಸರಿರಲಿಲ್ಲ. ಹೆಸರು ಕೊಟ್ಟು ಎದುರಿಗೆ ನಿಂತವನು ಜೋನ್ಸ್. ಆದುದರಿಂದ ಪೆಟ್ಟು ಬಿದ್ದದ್ದೂ ಅವನಿಗೇ.

ಪೆಟ್ಟು ಕೊಟ್ಟವರು ಯಾರು? ಸೋವಿಯತ್ ಸರ್ಕಾರ ನಿರಾಕರಿಸಿದ್ದರೆ ಆಶ್ಚರ್ಯವಿರಲಿಲ್ಲ. ಅವನ ವೃತ್ತಿಬಾಂಧವರೇ ಮೊದಲು ಎದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಸ್ಕೋ ಪ್ರತಿನಿಧಿ ವಾಲ್ಟರ್ ಡ್ಯುರಾಂಟಿ, ಇವನೂ ಇಂಗ್ಲೆಂಡಿನವನೇ, ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದ ಪ್ರಖ್ಯಾತ. ಮಾರ್ಚ್ 31ರಂದು ಅವನ ಲೇಖನ ಪ್ರಕಟವಾಯಿತು. ಜೋನ್ಸ್ ನೋಡಿದ್ದು ನಾಲ್ಕಾರು ಹಳ್ಳಿ ಮಾತ್ರ, ಅವನ ತೀರ್ಮಾನ ಆತುರದ್ದು ಎಂಬುದು ಒಂದು ವಾದ. ಇನ್ನೊಂದು ವಾದವನ್ನು ನೀವು ಎರಡು ಸಲ ಓದಬೇಕು: ಹಸಿವಿನಿಂದ ಯಾರೂ ಸತ್ತಿಲ್ಲ, ಆದರೆ ಪೌಷ್ಟಿಕ ಆಹಾರದ ಕೊರತೆಯಿಂದ ಬರುವ ರೋಗಗಳಿಂದ ಸಾವು ವ್ಯಾಪಕವಾಗಿದೆ! ಹಸಿವಿನಿಂದ ಸಾಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಸಾಯುವವನಿಗೆ ಯಾವ ವ್ಯತ್ಯಾಸವೂ ಇಲ್ಲ. ಪತ್ರಿಕೆ ಓದುವವನಿಗೆ ಮಾತ್ರ ಇದೆ. ಬರ ಎನ್ನಬೇಕಾದಲ್ಲಿ ಅಭಾವ ಪರಿಸ್ಥಿತಿ ಎಂದು ಬರೆಯುವ ಕಚೇರಿ ಕನ್ನಡವನ್ನು ಕಂಡಿರುವ ನಿಮಗೆ ಈ ಜಾಣತನ ಹೊಸದಾಗಿ ತೋರಲಾರದು.

ಜೋನ್ಸ್ ಸುಮ್ಮನಾಗಲಿಲ್ಲ. ಅದೇ ಪತ್ರಿಕೆಗೆ ಉತ್ತರ ಬರೆದ. ಮೇ 13ರಂದು ಅದು ಅಚ್ಚಾಯಿತು. ನನ್ನ ದೃಷ್ಟಿಯಲ್ಲಿ ಅವನ ಬರವಣಿಗೆಯಲ್ಲೆಲ್ಲ ಶ್ರೇಷ್ಠವಾದುದು ಈ ಪತ್ರವೇ. ತನಗೆ ಸಾಕ್ಷ್ಯ ಎಲ್ಲೆಲ್ಲಿಂದ ಸಿಕ್ಕಿತು ಎಂಬುದನ್ನು ಅದರಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದಾನೆ. ನಾನಾ ದೇಶಗಳ ಇಪ್ಪತ್ತು ಮೂವತ್ತು ರಾಯಭಾರಿ ಅಧಿಕಾರಿಗಳನ್ನು ಅವನು ಕಂಡಿದ್ದ. ಅವರಿಗೆ ವಿಷಯ ತಿಳಿದಿತ್ತು, ಬಹಿರಂಗವಾಗಿ ಹೇಳುವ ಸ್ವಾತಂತ್ರ್ಯ ಇರಲಿಲ್ಲ. ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದಿದ್ದ ರೈತರೊಡನೆ ಮಾತನಾಡಿದ್ದ. ರಷ್ಯದಲ್ಲಿ ನೆಲೆಸಿದ್ದ ಜರ್ಮನ್ ರೈತರು ಸಹಾಯ ಬೇಡಿ ತಮ್ಮವರಿಗೆ ಬರೆದ ಕಾಗದಗಳನ್ನು ಓದಿದ್ದ. ಕೊನೆಗೆ ತಾನೇ ನಡೆದು ನೋಡಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಗಾದೆ ಹೇಳುವುದಿಲ್ಲವೇ? ಅವನು ಮಾಡಿದ್ದು ಅದನ್ನೇ.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಅವನು ಸತ್ತ ಮನುಷ್ಯರನ್ನಾಗಲಿ ಸತ್ತ ಪ್ರಾಣಿಗಳನ್ನಾಗಲಿ ನೋಡಿಲ್ಲವಲ್ಲ ಎಂದು ಡ್ಯುರಾಂಟಿ ಆಕ್ಷೇಪಿಸಿದ್ದ. ಬೇರೆ ಯಾರಾದರೂ ಆಗಿದ್ದರೆ ಒಂದೆರಡು ಹೆಣಗಳನ್ನು ಕಂಡೆನೆಂದು ಬರೆದು ಬಾಯಿ ಮುಚ್ಚಿಸುತ್ತಿದ್ದರೋ ಏನೋ. ಜೋನ್ಸ್ ಹಾಗೆ ಮಾಡಲಿಲ್ಲ. ಹೌದು, ನಾನು ನೋಡಿಲ್ಲ ಎಂದು ಒಪ್ಪಿಕೊಂಡ. ಆದರೆ ಕ್ಷಾಮದ ನಾಡಿನಲ್ಲೂ ಸತ್ತ ಮನುಷ್ಯರನ್ನು ಹೂಳುತ್ತಾರೆ, ಸತ್ತ ಪ್ರಾಣಿಗಳನ್ನು ತಿಂದುಬಿಡುತ್ತಾರೆ, ಇದನ್ನು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಡ ಎಂದು ಉತ್ತರಿಸಿದ.

ಪತ್ರ ಒಂದೇ ದಿನದ್ದು, ಡ್ಯುರಾಂಟಿಯ ಹೆಸರು ವರ್ಷಗಳದ್ದು. ಜನ ನಂಬಿದ್ದು ಹೆಸರನ್ನು. ಇದೇ ಡ್ಯುರಾಂಟಿ ಆ ವರ್ಷದ ಸೆಪ್ಟೆಂಬರಿನಲ್ಲಿ ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿಗೆ ಹೋಗಿ, ನೇರವಾಗಿಯೋ ಪರೋಕ್ಷವಾಗಿಯೋ ಆಹಾರವಿಲ್ಲದೆ ಒಂದು ಕೋಟಿಯಷ್ಟು ಜನ ಸತ್ತಿರಬಹುದು ಎಂದು ಖಾಸಗಿಯಾಗಿ ಹೇಳಿದ. ಅಧಿಕಾರಿಗಳು ಅದನ್ನು ದಾಖಲಿಸಿ ಲಂಡನ್ನಿಗೆ ಕಳುಹಿಸಿದ್ದಾರೆ. ಆ ಕಡತ ಉಳಿದಿದೆ. ತಿಳಿದದ್ದು ಒಂದು, ಬರೆದದ್ದು ಇನ್ನೊಂದು. ಅದೇ ನವೆಂಬರಿನಲ್ಲಿ ಅಮೆರಿಕ ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಮಾಸ್ಕೋದಲ್ಲಿದ್ದ ಇನ್ನೊಬ್ಬ ಅಮೆರಿಕನ್ ವರದಿಗಾರ ಯೂಜೀನ್ ಲಯನ್ಸ್ 1937ರಲ್ಲಿ ಬರೆದ ಪುಸ್ತಕದಲ್ಲಿ, ಜೋನ್ಸ್‌ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದು ತಮ್ಮೆಲ್ಲರ ಪಾಲಿಗೆ ಅತ್ಯಂತ ಅಹಿತಕರ ಕೆಲಸವಾಗಿತ್ತೆಂದು ಒಪ್ಪಿಕೊಂಡ. ಸೆನ್ಸಾರ್ ಅಧಿಕಾರಿಯೊಡನೆ ಒಂದು ಹೋಟೆಲ್ ಕೋಣೆಯಲ್ಲಿ ಕೂತು ವರದಿಗಾರರು ಇದನ್ನು ತೀರ್ಮಾನಿಸಿದರೆಂದು ಅವನು ವರ್ಣಿಸುತ್ತಾನೆ. ಆ ಸಭೆ ಹಾಗೆಯೇ ನಡೆಯಿತೇ ಎಂದು ಈಚಿನ ಕೆಲವು ಇತಿಹಾಸಕಾರರು ಸಂಶಯಪಡುತ್ತಾರೆ. ಸಭೆ ನಡೆದಿರಲಿ ಬಿಡಲಿ, ಅಚ್ಚಾದ ಲೇಖನಗಳಂತೂ ಇವೆ.

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. 1943ರ ಬಂಗಾಳ ಕ್ಷಾಮವನ್ನು ಅಂದಿನ ಸರ್ಕಾರ ಕ್ಷಾಮವೆಂದು ಕರೆಯಲು ಒಪ್ಪದಿದ್ದಾಗ, ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆಯ ಬ್ರಿಟಿಷ್ ಸಂಪಾದಕ ಇಯಾನ್ ಸ್ಟೀಫನ್ಸ್ ಆ ವರ್ಷದ ಆಗಸ್ಟ್ 22ರಂದು ಬೀದಿಯಲ್ಲಿ ಬಿದ್ದ ಹಸಿದವರ ಭಾವಚಿತ್ರಗಳನ್ನು ಪ್ರಕಟಿಸಿದರು. ಜಗತ್ತು ಎಚ್ಚೆತ್ತಿತು. ಜೋನ್ಸ್‌ನ ಬಳಿ ಇದ್ದದ್ದು ಮಾತು ಮಾತ್ರ, ಚಿತ್ರಗಳಿರಲಿಲ್ಲ.

ಸೋವಿಯತ್ ಸರ್ಕಾರ ಅವನು ಮತ್ತೆ ತನ್ನ ನೆಲಕ್ಕೆ ಕಾಲಿಡದಂತೆ ನಿಷೇಧಿಸಿತು. ಜೋನ್ಸ್ ಊರಿಗೆ ಹಿಂದಿರುಗಿ ಕಾರ್ಡಿಫ್‌ನ ವೆಸ್ಟರ್ನ್ ಮೇಲ್ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ. ಹಿಟ್ಲರನ ಜೊತೆ ವಿಮಾನದಲ್ಲಿ ಹಾರಿದ್ದವನು ಈಗ ವೇಲ್ಸ್‌ನ ಕುಶಲಕರ್ಮಿಗಳ ಬಗ್ಗೆ, ಅಲ್ಲಿಯ ನದಿಗಳಲ್ಲಿ ಓಡಾಡುವ, ನಮ್ಮ ಹರಿಗೋಲಿನಂಥದೇ ಪುಟ್ಟ ದೋಣಿಗಳ ಬಗ್ಗೆ ಬರೆಯತೊಡಗಿದ. ಒಂದು ಅವಕಾಶ ಮಾತ್ರ ಹತ್ತಿರದಲ್ಲೇ ಒದಗಿ ಬಂತು. ಅಮೆರಿಕದ ಪತ್ರಿಕೋದ್ಯಮಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ವೇಲ್ಸ್‌ನಲ್ಲಿ ಒಂದು ಕೋಟೆ ಕೊಂಡಿದ್ದ. ಜೋನ್ಸ್ ಅಲ್ಲಿಗೆ ಹೋಗಿ ಅವನನ್ನು ಕಂಡ. 1935ರ ಜನವರಿಯಲ್ಲಿ ಹರ್ಸ್ಟ್‌ನ ಪತ್ರಿಕೆಗಳಲ್ಲಿ ಜೋನ್ಸ್‌ನ ಲೇಖನಗಳು ಬಂದವು. ದುರದೃಷ್ಟ ನೋಡಿ: ಮರು ತಿಂಗಳೇ ಅವೇ ಪತ್ರಿಕೆಗಳು ಥಾಮಸ್ ವಾಕರ್ ಎಂಬ ಮೋಸಗಾರನ ಲೇಖನಗಳನ್ನೂ ಚಿತ್ರಗಳನ್ನೂ ಛಾಪಿಸಿದವು. ಚಿತ್ರಗಳಲ್ಲಿ ಹಲವು ಹತ್ತು ಹನ್ನೆರಡು ವರ್ಷ ಹಿಂದಿನ, 1921ರಲ್ಲಿ ಆರಂಭವಾದ ಬೇರೆ ಕ್ಷಾಮದವು. ವಂಚನೆ ಬಯಲಾದಾಗ, ಕ್ಷಾಮವೇ ಕಟ್ಟುಕಥೆ ಎನ್ನುವವರಿಗೆ ಒಳ್ಳೆಯ ಅಸ್ತ್ರ ಸಿಕ್ಕಿತು. ನಿಜವಾದ ಸುದ್ದಿಗೆ ಅದರ ವಿರೋಧಿಗಳಿಗಿಂತ ಅದಕ್ಕೆ ಸುಳ್ಳು ಬೆರೆಸುವ ಬೆಂಬಲಿಗರೇ ಹೆಚ್ಚು ಹಾನಿ ಮಾಡಿದ ಉದಾಹರಣೆ ಇದು.

ಆ ವೇಳೆಗೆ ಜೋನ್ಸ್ ಪ್ರಪಂಚ ಪರ್ಯಟನೆಯಲ್ಲಿದ್ದ. ಪೂರ್ವದಲ್ಲಿ ಜಪಾನ್ ಏನು ಮಾಡಲಿದೆ ಎಂಬುದು ಅವನ ಮುಂದಿನ ಪ್ರಶ್ನೆ. ಜಪಾನ್ 1931ರಲ್ಲಿ ಚೀನಾದ ಮಂಚೂರಿಯವನ್ನು ಆಕ್ರಮಿಸಿ, ಮರುವರ್ಷ ಅಲ್ಲಿ ಮಂಚುಕುವೊ ಎಂಬ ಕೈಗೊಂಬೆ ರಾಜ್ಯ ಸ್ಥಾಪಿಸಿತ್ತು. ಟೋಕಿಯೋದಲ್ಲಿ ಕೆಲವು ವಾರ ಇದ್ದು, ಆಗ್ನೇಯ ಏಷ್ಯವನ್ನು ಸುತ್ತಿ, 1935ರ ಜುಲೈಯಲ್ಲಿ ಜೋನ್ಸ್ ಒಳ ಮಂಗೋಲಿಯ ತಲುಪಿದ. ಜೊತೆಗೆ ಹರ್ಬರ್ಟ್ ಮ್ಯೂಲರ್ ಎಂಬ ಜರ್ಮನ್ ವರದಿಗಾರನಿದ್ದ. ದಾರಿಯಲ್ಲಿ ಡಕಾಯಿತರು ಇಬ್ಬರನ್ನೂ ಹಿಡಿದು ಹಣ ಕೇಳಿದರು. ಜರ್ಮನನನ್ನು ಎರಡು ದಿನಗಳಲ್ಲಿ ಬಿಟ್ಟರು. ಜೋನ್ಸ್‌ನನ್ನು ಬಿಡಲಿಲ್ಲ. ಸುಮಾರು ಎರಡು ವಾರ ಊರಿಂದೂರಿಗೆ ಕೊಂಡೊಯ್ದು ಆಗಸ್ಟ್ 12ರಂದು ಗುಂಡಿಟ್ಟು ಕೊಂದರು. ಮರುದಿನ ಅವನಿಗೆ ಮೂವತ್ತು ತುಂಬುತ್ತಿತ್ತು.

ಇದು ಬರಿಯ ದರೋಡೆಯೋ, ಯಾರದಾದರೂ ಸೇಡೋ? ಅವನಿಗೆ ಬಹಳ ವಿಷಯ ತಿಳಿದಿತ್ತು, ಅದು ಕೆಲವರಿಗೆ ಸಹಿಸಿರಲಾರದು ಎಂಬ ಅರ್ಥ ಬರುವಂತೆ ಲಾಯ್ಡ್ ಜಾರ್ಜ್ ಮಾತನಾಡಿದರು. ಜೋನ್ಸ್ ಪ್ರಯಾಣ ಮಾಡಿದ ವಾಹನವನ್ನು ಒದಗಿಸಿದ ವ್ಯಾಪಾರ ಸಂಸ್ಥೆಗೆ ಸೋವಿಯತ್ ಗುಪ್ತಚರ ಇಲಾಖೆಯ ನಂಟಿತ್ತೆಂಬುದು ಅನಂತರ ತಿಳಿದುಬಂತು. ಅನುಮಾನಕ್ಕೆ ಎಡೆಯಿದೆ, ರುಜುವಾತು ಇಲ್ಲ. ಜೋನ್ಸ್‌ನ ಬಗ್ಗೆ ಬರೆಯುವಾಗಲಾದರೂ ಈ ಎರಡನ್ನೂ ಬೇರೆಬೇರೆಯಾಗಿಯೇ ಇಡುವುದು ಒಳ್ಳೆಯದು.

ಐವತ್ತು ವರ್ಷ ಅವನನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಆದರೆ ಮನೆಯವರು ಅವನ ಕಾಗದಪತ್ರಗಳನ್ನು ಬಿಸಾಡಿರಲಿಲ್ಲ. ಮನೆಯಲ್ಲೇ ಉಳಿದಿದ್ದ ದಿನಚರಿಗಳನ್ನೂ ಪತ್ರಗಳನ್ನೂ ದಶಕಗಳ ಮೇಲೆ ಸೋದರ ಸೊಸೆಯೊಬ್ಬರು ತೆಗೆದು, ಓದಿ, ಬೆಳಕಿಗೆ ತಂದರು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದು, ಅದರ ಕಡತಗಳೂ ತೆರೆಯತೊಡಗಿದ್ದವು. ಹಳ್ಳಿಯ ರೈತರು ಹೇಳಿದ್ದಾಗಿ ಜೋನ್ಸ್ ಬರೆದದ್ದನ್ನೇ ಪಕ್ಷದ ಅಧಿಕಾರಿಗಳು ಗುಟ್ಟಾಗಿ ಮೇಲಿನವರಿಗೆ ಬರೆದಿದ್ದರು. ಡ್ಯುರಾಂಟಿಯ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಬೇಕೆಂಬ ಒತ್ತಾಯ ಬಂದಾಗ ಪುಲಿಟ್ಜರ್ ಮಂಡಲಿ 2003ರಲ್ಲಿ ಅದನ್ನು ಒಪ್ಪಲಿಲ್ಲ. ಪ್ರಶಸ್ತಿ ಬಂದದ್ದು 1931ರ ಲೇಖನಗಳಿಗೆ, ಅವುಗಳಲ್ಲಿ ಉದ್ದೇಶಪೂರ್ವಕ ವಂಚನೆ ಇತ್ತೆಂಬುದಕ್ಕೆ ಸ್ಪಷ್ಟ ಆಧಾರವಿಲ್ಲ ಎಂಬುದು ಮಂಡಲಿಯ ನಿಲುವು. ಅಬೆರಿಸ್ಟ್‌ವಿತ್‌ನಲ್ಲಿ 2006ರಲ್ಲಿ ಜೋನ್ಸ್‌ನ ನೆನಪಿಗೆ ಒಂದು ಫಲಕ ನೆಟ್ಟರು. ಅದರ ಮೇಲಿನ ಬರಹ ವೆಲ್ಷ್, ಇಂಗ್ಲಿಷ್ ಮತ್ತು ಉಕ್ರೇನಿಯನ್ ಭಾಷೆಗಳಲ್ಲಿದೆ.

2019ರಲ್ಲಿ ಪೋಲೆಂಡಿನ ನಿರ್ದೇಶಕಿ ಅಗ್ನೀಷ್ಕಾ ಹಾಲೆಂಡ್ ಅವನ ಬಗ್ಗೆ ಮಿಸ್ಟರ್ ಜೋನ್ಸ್ ಎಂಬ ಚಲನಚಿತ್ರ ತೆಗೆದರು. ಚಿತ್ರ ಗಂಭೀರವಾಗಿದೆ, ಅವಕಾಶ ಸಿಕ್ಕರೆ ನೋಡಿ. ಆದರೆ ಅದರಲ್ಲಿ ಜೋನ್ಸ್ ಹಿಮದ ಮೇಲೆ ಹೆಣಗಳನ್ನು ಕಾಣುತ್ತಾನೆ, ತಿಳಿಯದೆ ನರಮಾಂಸ ತಿನ್ನುತ್ತಾನೆ. ಅವನು ತಾನೇ ಬರೆದುಕೊಂಡ ಟಿಪ್ಪಣಿಗಳಲ್ಲಿ ಇವೆರಡೂ ಇಲ್ಲ. ಆ ಟಿಪ್ಪಣಿ ಪುಸ್ತಕಗಳು ಈಗ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವುಗಳಲ್ಲಿರುವುದು ಅವನು ನಡೆದ ಹಳ್ಳಿಗಳು, ಎತ್ತುಗಳ ಲೆಕ್ಕ, ರೈತರು ಆಡಿದ ಮಾತುಗಳು.